ಪರದೆಯೊಳಗ ನಮ್ಮಂಥ ಮಂದಿ

ಡೇರೆ ಟಾಕೀಸಿನ ಗೇಟು ಕಾಯುವವನಿಗೆ ಸಿನಿಮಾ ಎರಡು. ಒಂದು ಪರದೆ ಮೇಲೆ, ಇನ್ನೊಂದು ಕುಂತ ಮಂದಿಯೊಳಗ. ಎರಡನೇದು ದಿನಾ ಹೊಸದು. ನಾನು ಆಳಂದ, ಅಫಜಲಪುರ, ಜೇವರ್ಗಿ ಸುತ್ತಿದ್ದು ಇಂಥ ಡೇರೆ ಜೊತೆಗೆ.

ಸಂಸಾರದ ಚಿತ್ರಕ್ಕೆ ಮಂದಿ ಬಾಳ. ಆದರೆ ಆ ಸಂಸಾರದವರು ಎಲ್ಲ ಬೆಳ್ಳಗೆ. ಎಲ್ಲರದೂ ಮೈಸೂರು ಕಡೆ ಮಾತು. ನನ್ನ ಹೆಂಡತಿ ಮದುವೆಯಾದ ಹೊಸದಾಗಿ ಒಂದು ನೋಡಿ ನಡುವೆಯೇ ಎದ್ದು ಬಂದಳು. "ನನ್ನಂಥ ಕರಿ ಹೆಣ್ಮಗಳು ಆ ಮನ್ಯಾಗ ಕಸ ಹೊಡೀಲಿಕ್ಕೂ ಇಲ್ಲ. ಅಂಥಾಕಿ ಒಬ್ಬಾಕಿ ಬಂದ ಮ್ಯಾಲ ನನ್ನ ಕರೀರಿ." ಅವಳ ಪಕ್ಕ ಕುಂತು ಒಂದು ಚಿತ್ರ ಪೂರಾ ನೋಡಬೇಕು ಅನ್ನೋ ನನ್ನ ಆಸೆ ಹಂಗೇ ಉಳಿಯಿತು.

ಅಫಜಲಪುರದ ಅಜ್ಜ

ಚಿತ್ರದಾಗ ನಮ್ಮ ಮಾತಾಡವ ಬಂದರೆ ಅವ ಆಳು. ನಗಿಸಲಿಕ್ಕೆ ಇಟ್ಟವ. ಒಮ್ಮೆ ಅಂಥವ ಪರದೆ ಮೇಲೆ ಬಂದು "ಶರಣ್ರೀ" ಅಂದ. ಮುಂದೆ ಕುಂತ ಅಜ್ಜ ಎದ್ದು ಕೈ ಮುಗಿದ. "ಶರಣ್ರೀ. ಯಾವೂರಪಾ ನಿಂದು?"

"ಕುಂದ್ರ ಅಜ್ಜಾ" ಅಂದರು ಹಿಂದಿನವರು.

"ತಡೀರ್ಲೇ. ಪಾಪ, ಆ ಮನ್ಯಾಗ ಅವನ ಜೋಡಿ ಯಾರೂ ಮಾತಾಡವಲ್ರು."

ಮರುದಿನ ಅಜ್ಜ ಮತ್ತೆ ಬಂದ. ಯಾಕ್ರಿ ಅಂದೆ.

"ನಿನ್ನಿ ಅವ ಊರು ಹೇಳಲಿಲ್ಲ. ಇವತ್ತರ ಹೇಳ್ತಾನೇನು ನೋಡ್ತೇನಿ."

ಆಳಂದದ ಟಾಂಗಾ

ಪಕ್ಕದ ಮನೆ ಚಾಚಾ ಅಂತ ಚಿತ್ರದಾಗ ಒಬ್ಬ ಇರುತ್ತಿದ್ದ. ಬಾಳ ಒಳ್ಳೆಯವ. ಹಂಗಾಗಿ ಬೇಗ ಸಾಯುತ್ತಿದ್ದ. ನಮ್ಮ ಪ್ರಚಾರದ ಟಾಂಗಾ ಓಡಿಸುತ್ತಿದ್ದ ಮುಸಲ್ಮಾನ ಗೆಳೆಯ ಪ್ರತಿ ಸಲ ಕೇಳುತ್ತಿದ್ದ. "ಭಾಯಿ, ನಮ್ಮ ಚಾಚಾ ಇಂಟರ್‌ವಲ್ ಮೊದಲು ಸಾಯ್ತಾನೋ, ಆಮ್ಯಾಲೋ?" ಚಾಚಾ ಸತ್ತ ಕೂಡಲೇ ಎದ್ದು ಹೋಗಿ ಕುದುರೆಗೆ ಮೇವು ಹಾಕುವುದು ಅವನ ರೂಢಿ.

ಒಂದು ಚಿತ್ರದಾಗ ಚಾಚಾ ಸಾಯಲೇ ಇಲ್ಲ. ಕೊನೆಗೆ ಮದುವೆ ಊಟಕ್ಕೂ ಕುಂತ. ಗೆಳೆಯ ಕಣ್ಣೊರೆಸಿಕೊಂಡು ಹೊರಗೆ ಬಂದ. ಹಸಿದ ಕುದುರೆ ಡೇರೆಯ ಹುಲ್ಲಿನ ತಟ್ಟಿ ತಿನ್ನಾಕತ್ತಿತ್ತು. ಅವ ಅದರ ಬೆನ್ನು ಸವರಿದ. "ತಿನ್ನು ಬೇಟಾ. ಚಾಚಾ ಬದುಕ್ಯಾನ."

ಜೇವರ್ಗಿಯ ಬೆಳಕು

ಮಷೀನಿನ ಬೆಳಕಿಗೆ ಕಾರ್ಬನ್ ಕಡ್ಡಿ ಉರಿಸಬೇಕು. ಮಾಲೀಕ ಜಿಪುಣ, ತುಂಡು ಕಡ್ಡಿನೂ ಬಿಡುತ್ತಿರಲಿಲ್ಲ. ಒಂದು ಸಂಜೆ ಕಡ್ಡಿ ಸವೆದು ಬೆಳಕು ಮಂಕಾಯಿತು. ಪರದೆ ಮೇಲೆ ಅತ್ತೆ, ಸೊಸೆ, ನಾದಿನಿ ಎಲ್ಲರೂ ಕಪ್ಪು. ಗಂಡಸರು ಸಿಳ್ಳೆ ಹೊಡೆದರು. ಹೆಂಗಸರು ಮುಂದಕ್ಕೆ ಸರಿದು ಕುಂತರು.

ನನಗೆ ಬುತ್ತಿ ತಂದಿದ್ದ ಹೆಂಡತಿ ಗೇಟಿನಿಂದ ಇಣುಕಿದಳು. ಬುತ್ತಿ ನನ್ನ ಕೈಗಿಟ್ಟು ಒಳಗೆ ಹೋಗಿ ಕುಂತಳು. ಗಂಡಸರ ಹೆಂಗಸರ ನಡುವೆ ಹಗ್ಗ ಕಟ್ಟಿರುತ್ತಿತ್ತು. ಹಗ್ಗದ ಆ ಕಡೆ ಅವಳು, ಈ ಕಡೆ ನಾನು. ಚಿತ್ರ ಪೂರಾ ನೋಡಿದೆವು.

"ಇವತ್ತಿನ ಮಂದಿ ಚಲೋ ಅದಾರ" ಅಂದಳು. "ಸೊಸಿ ಥೇಟ್ ನನ್ನಂಗ."

ಈಗ ಆಕೆ ಇಲ್ಲ. ಆ ಹಗ್ಗ ಇನ್ನೂ ಕಣ್ಣಾಗ ಅದ.

ಆ ಸಂಜೆಯ ಮರುದಿನ ಮಾಲೀಕ ಹೊಸ ಕಡ್ಡಿ ಹಾಕಿಸಿದ. ಪರದೆ ಫಳಫಳ. ಹೆಂಗಸರೆಲ್ಲ ಎದ್ದು ನಿಂತರು. ಎಲ್ಲರ ಮುಂದೆ ನನ್ನ ಹೆಂಡತಿ. "ನಿನ್ನಿ ಸಿನಿಮಾ ಹಾಕ್ರಿ."

"ಇದು ಅದೇ ಅದ ತಾಯಿ" ಅಂದ ಮಾಲೀಕ.

"ಅದೇ ಇದ್ರ ನಿನ್ನಿ ಸೊಸಿ ಎಲ್ಲಿ? ಈಕಿನ್ನ ಎಲ್ಲಿಂದ ತಂದ್ರಿ?"

ಮಾಲೀಕ ಬೈದುಕೊಂಡು ತುಂಡು ಕಡ್ಡಿ ಹುಡುಕಿಸಿ ಹಾಕಿಸಿದ. ಬೆಳಕು ಮಂಕಾಯಿತು. ಹೆಂಗಸರು ಕುಂತರು.

ಗಂಡಸರ ಕಡೆಯಿಂದ ಒಬ್ಬ ಕೂಗಿದ. "ಯಾರ ಮಾರೀನೂ ಕಾಣವಲ್ದು. ಇದರಾಗ ಹೀರೋಯಿನ್ ಯಾರ್ರೀ?"

ನನ್ನ ಹೆಂಡತಿ ಕುಂತಲ್ಲಿಂದಲೇ ಹೇಳಿದಳು.

"ನಾನೇ. ಸುಮ್ಮ ಕುಂತು ನೋಡಪಾ."