ಮಾವನವರ ಮೋಟಾರಿನ ಉಸಿರು

ರಾಜಾಜಿನಗರದ ಆ ಬಾಡಿಗೆ ಮನೆಯ ಬಚ್ಚಲಲ್ಲಿ, ಹಂಡೆಯ ಪಕ್ಕ, ಒಂದು ದೋಣಿಯ ಮೋಟಾರು ಬಂದು ನಿಂತು ಎಪ್ಪತ್ನಾಲ್ಕರ ಬೇಸಿಗೆಗೆ ಎರಡು ವರ್ಷವಾಗಿತ್ತು. ದೋಣಿ ಇರಲಿಲ್ಲ. ಹೊಳೆಯಂತೂ ಮೊದಲೇ ಇಲ್ಲ. ನಲ್ಲಿಯಲ್ಲೇ ದಿನ ಬಿಟ್ಟು ದಿನ ನೀರು. ಆದರೂ ಸೇತುರಾಮ ಪ್ರತಿ ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿಕೊಂಡು ತಂಬಿಗೆಗೆ ತಡಕಾಡುವಾಗ ಅದರ ಹಿತ್ತಾಳೆಯ ರೆಕ್ಕೆ ತಪ್ಪದೆ ಅವನ ಮೊಣಕಾಲಿಗೆ ಬಡಿಯುತ್ತಿತ್ತು. (ದೋಣಿ ನಡೆಸುವುದನ್ನು ಬಿಟ್ಟ ರೆಕ್ಕೆ ಅವನನ್ನು ಮಾತ್ರ ಚೆನ್ನಾಗಿ ಕುಣಿಸುತ್ತಿತ್ತು.)

ಅದು ಹೆಂಡತಿ ಸತ್ಯವತಿಯ ತಂದೆಯದು. ಹೊಳೆಯಲ್ಲಿ ಇಲಾಖೆಯ ದೋಣಿ ನಡೆಸುತ್ತಿದ್ದ ಅವರು ನಿವೃತ್ತರಾದಾಗ ಆ ಹಳೆಯ ಮೋಟಾರನ್ನು ಹರಾಜಿನಲ್ಲಿ ಹಿಡಿದಿದ್ದರು. ಅವರು ತೀರಿಕೊಂಡ ಮೇಲೆ ಮಗಳು ನೆನಪಿಗೆಂದು ತಂದುಕೊಂಡದ್ದು ಇದೊಂದೇ. ಗುಜರಿಗೆ ಹಾಕೋಣ ಎಂದಾಗಲೆಲ್ಲ ಅವಳದು ಒಂದೇ ಮಾತು: "ಅದಕ್ಕಿನ್ನೂ ಜೀವ ಇದೆ."

"ಸರಿ, ನೋಡೇಬಿಡೋಣ," ಎಂದ ಸೇತುರಾಮ ಒಂದು ಭಾನುವಾರ. "ಕಂಪ್ರೆಷನ್ನು, ಅಂದ್ರೆ ಒಳಗೆ ಗಾಳಿ ಒತ್ತಡ, ಇದ್ರೆ ಇಲ್ಲೇ ಇರ್ಲಿ, ನಾನು ಇನ್ಮೇಲೆ ತುಟಿ ಬಿಚ್ಚಲ್ಲ. ಇಲ್ದಿದ್ರೆ ಗುಜರಿ ಅಂಜಿನಯ್ಯನ ಗಾಡಿ ಹತ್ಲಿ."

ಸತ್ಯವತಿ ರುಬ್ಬಲು ನೆನೆಸಿದ್ದ ಅಕ್ಕಿ ತೊಳೆಯುತ್ತ, "ಹೂಂ," ಎಂದಳು.

ಸೇತುರಾಮ ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲಿ ಸಾಕ್ಷಾತ್ ಸರ್ಕಾರ. ಹಿತ್ತಲಿನ ನಲ್ಲಿಯ ಮೇಲೆ ಅವನದೇ ದುಂಡು ಅಕ್ಷರದ ರಟ್ಟು ತೂಗುತ್ತಿತ್ತು: "ನಲ್ಲಿ ತಿರುಗಿಸಿದವರೇ ನಿಲ್ಲಿಸತಕ್ಕದ್ದು. ಅಪ್ಪಣೆ ಮೇರೆಗೆ." ಕೆಳಗೆ ರುಜು. ಅಂಥ ಕ್ರಮಬದ್ಧ ಮನುಷ್ಯನಾದ್ದರಿಂದ ಮಾವನವರ ಹರಿದ ಕೈಪಿಡಿಯನ್ನು ಓದಿಯೇ ಕೆಲಸಕ್ಕಿಳಿದ. ಮೋಟಾರನ್ನು ಹಿತ್ತಲಿಗೆ ಹೊತ್ತು ತಂದು ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ಬಿಗಿದ. ಸಿಲಿಂಡರಿನ ಪಕ್ಕದಲ್ಲಿದ್ದ ಕಡಲೆಕಾಯಿ ಗಾತ್ರದ ಪುಟ್ಟ ನಲ್ಲಿಯನ್ನು ತೆರೆದು ನಾಲ್ಕು ಹನಿ ಎಣ್ಣೆ ಬಿಟ್ಟ (ಸತ್ಯವತಿ ತಲೆಗೆ ಹಚ್ಚುವ ಹರಳೆಣ್ಣೆ). ಪ್ಲಗ್ಗು ಬಿಚ್ಚಿದ. ಇನ್ನು ಆ ತೂತಿಗೆ ಹೆಬ್ಬೆರಳು ಒತ್ತಿ, ಮೋಟಾರು ತಿರುಗಿಸುವ ಹಗ್ಗ ಎಳೆಯುವುದು. ಒಳಗಿನ ಗಾಳಿ ಹೆಬ್ಬೆರಳನ್ನು ಚಿಮ್ಮಿಸಿದರೆ ಮೋಟಾರಿಗೆ ಉಸಿರಿದೆ. ಇಲ್ಲವಾದರೆ ಅದು ಬರೀ ಲೋಹ.

ಮಾಗಡಿ ರೋಡಿನ ಗುಜರಿ ಅಂಜಿನಯ್ಯ ತಳ್ಳುಗಾಡಿಯೊಡನೆ ಕಾದಿದ್ದ. ಪಕ್ಕದ ಮನೆಯ ಅನಂತಲಕ್ಷ್ಮಿ ಯಾರೂ ಕರೆಯದೆಯೇ ಕಾಂಪೌಂಡಿನ ಮೇಲೆ ಗಲ್ಲವೂರಿ ನಿಂತಿದ್ದರು.

ಸೇತುರಾಮ ಎಳೆದ. ಪುಸ್. ಮತ್ತೆ ಎಳೆದ. ಪುಸ್. ಹೆಬ್ಬೆರಳು ಇದ್ದಲ್ಲೇ ಸುಖವಾಗಿತ್ತು.

"ಸತ್ತಿದೆ!" ಎಂದು ತೀರ್ಪಿತ್ತ. ಗೆದ್ದ ಹುರುಪಿನಲ್ಲಿ ನಾಲಗೆ ಅಲ್ಲಿಗೇ ನಿಲ್ಲಲಿಲ್ಲ. "ನೋಡಿದ್ಯೇನೇ? ನಿಮ್ಮಪ್ಪನ ಮಾತಲ್ಲಿದ್ದಷ್ಟು ಗಾಳೀನೂ ಇದರೊಳಗಿಲ್ಲ ಕಣೇ!"

ಅನಂತಲಕ್ಷ್ಮಿ ಕಿಸಕ್ಕನೆ ನಕ್ಕರು. ಅಂಜಿನಯ್ಯ ಬಗ್ಗಿ ಮೋಟಾರಿಗೆ ಕೈ ಹಾಕಿದ.

"ಒಂದ್ನಿಮಿಷ, ಅಂಜಿನಯ್ಯ." ಸತ್ಯವತಿ ರುಬ್ಬುವ ಕಲ್ಲು ಬಿಟ್ಟು ಎದ್ದು ಬಂದಳು. ಹಿಟ್ಟಿನ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಹುಡುಗಿಯಾಗಿದ್ದಾಗ ಅಪ್ಪನ ದೋಣಿಯಲ್ಲಿ ಕೂತು ಎಷ್ಟು ಸಲ ನೋಡಿದ್ದಳೋ. ಬೆರಳು ತಾನಾಗಿಯೇ ಆ ಪುಟ್ಟ ನಲ್ಲಿಗೆ ಹೋಗಿ ಅದನ್ನು ತಿರುಗಿಸಿತು. "ರೀ, ಈಗ ಎಳೀರಿ."

"ಅದೇನ್ ಮಾಡಿದ್ಯೇ?"

"ತೆಗೆದಿತ್ತು, ನಿಲ್ಲಿಸ್ದೆ. ಗಾಳಿ ಎಲ್ಲಾ ಅಲ್ಲೇ ಹೋಗ್ತಾ ಇತ್ತು. ಎಳೀರಿ."

ಎಳೆದ. ಟಪ್! ಹೆಬ್ಬೆರಳು ಹಾರಿತು, ಹಿಂದೆಯೇ ಹರಳೆಣ್ಣೆಯ ಹನಿ ಸಿಡಿದು ಅವನ ಕನ್ನಡಕದ ಮೇಲೆ ಕೂತಿತು.

"ಅಯ್ಯೋ ಸಾಮಿ, ಒದೀತದೆ!" ಅಂಜಿನಯ್ಯ ಹಿಂದೆ ಸರಿದ. "ನಿಮ್ ಮಾವನವ್ರ ಗಾಳಿ ಗಟ್ಟಿ ಬುಡಿ." ಖಾಲಿ ಗಾಡಿ ಗಡಗಡಿಸಿಕೊಂಡು ಹೊರಟೇಹೋದ.

"ಅಲ್ಲಾ ಸೇತುರಾಮಯ್ಯನವ್ರೇ," ಅನಂತಲಕ್ಷ್ಮಿ ಕಾಂಪೌಂಡಿನಿಂದಲೇ ಕೇಳಿದರು, "ಆ ನಲ್ಲಿ ತೆಗೆದೋರು ಯಾರು?"

"...ನಾನೇ."

ಸತ್ಯವತಿ ನಾಲ್ಕು ಮಾತು ಬೈದಿದ್ದರೆ ತಿರುಗಿ ಎರಡು ಆಡಿ ಅವನು ಹಗುರಾಗಬಹುದಿತ್ತು. ಅವಳು ಬೈಯಲಿಲ್ಲ. ಸಿಲಿಂಡರಿನ ಮೇಲೆ ಇಳಿದಿದ್ದ ಎಣ್ಣೆಯನ್ನು, ಊಟವಾದ ಮುದುಕರ ಬಾಯಿ ಒರೆಸುವ ಹಾಗೆ, ಸೆರಗಿನ ತುದಿಯಿಂದ ಮೆಲ್ಲಗೆ ಒರೆಸುತ್ತಿದ್ದಳು. ಸೇತುರಾಮ ಕನ್ನಡಕ ಒರೆಸುವ ನೆಪದಲ್ಲಿ ತಲೆ ತಗ್ಗಿಸಿದವನು ಬಹಳ ಹೊತ್ತು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಯಥಾಪ್ರಕಾರ ಮೊಣಕಾಲಿಗೆ ರೆಕ್ಕೆ ಬಡಿಯಿತು. ಕೂಗಲು ಬಾಯಿ ತೆರೆದವನು ಸೋಪು ಹತ್ತಿದ ಕಣ್ಣನ್ನೇ ಅರೆ ತೆರೆದು ನೋಡಿದ. ಮೋಟಾರಿನ ಕೊರಳಲ್ಲಿ ಹಿತ್ತಲಿನ ರಟ್ಟು ತೂಗುತ್ತಿತ್ತು. ದುಂಡು ಅಕ್ಷರ, ಅಪ್ಪಣೆ, ರುಜು, ಎಲ್ಲ ಅವನವೇ; ಕಟ್ಟಿದ ಗಂಟು ಮಾತ್ರ ಸತ್ಯವತಿಯದು.

ತುಟಿ ಬಿಚ್ಚದೆ ತಂಬಿಗೆಗೆ ತಡಕಾಡಿದ.