ಜೈನಾಪುರದ ಬೀಗರ ಆಯಾರ

ನನ್ನನ್ನು ಜಿಪುಣ ಎಂದು ಯಾರೂ ಎದುರಿಗೆ ಕರೆದಿಲ್ಲ. ಆದರೆ ಹೋಟೆಲಿನಲ್ಲಿ ನಾನು ಬಿಲ್ಲಿನ ಕಡೆ ಕೈ ಚಾಚಿದರೆ ಜೊತೆಗಿದ್ದವರು ಮಾತು ನಿಲ್ಲಿಸಿ ನನ್ನ ಮುಖ ನೋಡುತ್ತಾರೆ. ಅಷ್ಟು ಸಾಕಲ್ಲವೇ ಅರ್ಥ ಮಾಡಿಕೊಳ್ಳಲು? ಹೀಗಾಗಿ, ಫೋನಿನ ವ್ಯಾಲೆಟ್ಟಿನಲ್ಲಿ ನಮ್ಮ ಕಾರ್ಡನ್ನು ಮನೆಯವರ ಜೊತೆ ಹಂಚಿಕೊಳ್ಳಬಹುದೆಂದು ಬ್ಯಾಂಕಿನವರು ತಿಳಿಸಿದಾಗ ನನಗೆ ಹಿಡಿಸಲಾರದಷ್ಟು ಖುಷಿಯಾಯಿತು. ಉದಾರಿ ಎನ್ನಿಸಿಕೊಳ್ಳಲು ಇಷ್ಟು ಸುಲಭದ ದಾರಿ ಇದೆಯೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಇನ್ನೊಂದು ಅನುಕೂಲವೂ ಇತ್ತು, ಅದನ್ನು ಮನೆಯಲ್ಲಿ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಯಾರು ಎಲ್ಲಿ ಖರ್ಚು ಮಾಡಿದರೂ ಆ ಕ್ಷಣಕ್ಕೇ ನನ್ನ ಫೋನಿಗೆ ಸಂದೇಶ ಬರುತ್ತದೆ.

ಬಿಜಾಪುರದ ಜೋರಾಪುರ ಪೇಟೆಯಲ್ಲಿ ನನ್ನದೊಂದು ಭಾಂಡೆ ಅಂಗಡಿ. ಕೊಡ, ತಂಬಿಗೆ, ಪಾತೆಲಿ, ತಾಟು, ಎಲ್ಲ ತೂಕದ ಮೇಲೆ. ಅಂದು ಅಂಗಡಿ ಬಾಗಿಲು ಹಾಕಿ ಮನೆಗೆ ಬಂದವನೇ ಅವ್ವನನ್ನೂ ಹೆಂಡತಿ ಶೈಲಾಳನ್ನೂ ಎದುರಿಗೆ ಕೂರಿಸಿಕೊಂಡು, ಇಬ್ಬರ ಫೋನಿನಲ್ಲೂ ಕಾರ್ಡು ಸೇರಿಸಿ, ಸಣ್ಣದೊಂದು ಭಾಷಣ ಮಾಡಿದೆ. "ಇವತ್ತಿನಿಂದ ಇದು ನನ್ನ ಕಾರ್ಡ್ ಅಲ್ಲ. ಎಲ್ಲಾರದೂ. ಬೇಕಾದ್ದು ತಗೋರಿ. ನನ್ನ ಕೇಳೋದ ಬ್ಯಾಡ." ಶೈಲಾ ನನ್ನ ಹಣೆ ಮುಟ್ಟಿ ನೋಡಿದಳು. ಅವ್ವ ಮಾತ್ರ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. "ಕೇಳೋದ ಬ್ಯಾಡ?" "ಬ್ಯಾಡವ್ವಾ." "ಖರೇನ?" "ಖರೇನ." ಅವ್ವನ ಈ ಎರಡು ಪ್ರಶ್ನೆಗಳ ಆಳ ಆಗ ನನಗೆ ಹೊಳೆಯಲಿಲ್ಲ.

ಅವ್ವ ಬೇಗ ಕಲಿತಳು. ಬೀಗ ತೆಗೆಯಲು ಫೋನು ಮುಖ ನೋಡುತ್ತದೆ ಎಂದು ಹೇಳಿದ್ದೇ ತಡ, ದುಡ್ಡು ಕೊಡುವ ಮುಂಚೆ ಚಸ್ಮಾ ತೆಗೆದು, ಸೆರಗು ತಲೆ ಮೇಲೆ ಸರಿ ಮಾಡಿಕೊಂಡು, ಫೋಟೋಕ್ಕೆ ನಿಂತ ಹಾಗೆ ನಿಲ್ಲತೊಡಗಿದಳು. ಸಂತೆಯಲ್ಲಿ ಕೊತ್ತಂಬರಿ ಮಾರುವವಳು ಅಷ್ಟು ಹೊತ್ತು ಕಾಯಬೇಕು.

ನನ್ನ ಆಘಾತಗಳು ಸಣ್ಣದಾಗಿ ಶುರುವಾದವು. ರಾತ್ರಿ ಊಟಕ್ಕೆ ಕೂತು ಹಸಿವಿಲ್ಲ ಎಂದು ಮಜ್ಜಿಗೆ ಕುಡಿದು ಏಳುವ ಶೈಲಾ ನಾಲ್ಕು ಗಂಟೆಗೆ ಮಿರ್ಚಿ ಭಜಿ ಅಂಗಡಿಯಲ್ಲಿ ಇರುತ್ತಾಳೆಂದು ಮದುವೆಯಾಗಿ ಇಷ್ಟು ವರ್ಷಕ್ಕೆ ಗೊತ್ತಾಯಿತು. ಹೋಗಲಿ ಬಿಡಿ, ಭಜಿ ತಾನೆ. ಒಂದು ಮಧ್ಯಾಹ್ನ ಟಿಕೋಟಾದ ಹಿಂಡಿ ಅಂಗಡಿಯಿಂದ ಸಂದೇಶ ಬಂತು. ನಮ್ಮ ಅಂಗಡಿಯ ಗಲ್ಲಾದ ಮುಂದೆ ನಾನು ಎದ್ದು ನಿಂತೆ. ದನಕ್ಕೆ ಹಾಕುವ ಹಿಂಡಿ! ನಮ್ಮ ಮನೆಯಲ್ಲಿ ಹಿಂಡಿ ತಿನ್ನುವವರು ಯಾರು? ಫೋನು ಮಾಡಿದರೆ ಅವ್ವ ತನ್ನ ತವರು ಬಿಜ್ಜರಗಿಗೆ ಹೊರಟಿದ್ದಳು. "ನಮ್ಮಣ್ಣನ ಆಡು ಮರಿ ಹಾಕೈತಲೇ. ಬಾಣಂತಿ ನೋಡಾಕ ಬರಿಗೈಲೆ ಹೋಗೂದ ಹೆಂಗ?" ಎಂದಳು. ಆಡಿನ ಬಾಣಂತನಕ್ಕೆ ನನ್ನ ಕಾರ್ಡು! ಕೇಳುವುದು ಬೇಡ ಎಂದು ನಾನೇ ಹೇಳಿದ್ದರಿಂದ ಕೇಳಲಿಲ್ಲ. ಒಂದು ಕಪ್ ಚಹಾ ತರಿಸಿಕೊಂಡೆ.

ಆಮೇಲೆ ಟಿಕೋಟಾ ರಸ್ತೆಯಲ್ಲಿ ಕಟ್ಟಿಸುತ್ತಿದ್ದ ಮನೆ ಮುಗಿಯುವ ಹಂತಕ್ಕೆ ಬಂತು. ನೆಲದ ಫರ್ಸಿ, ಬಣ್ಣ, ನಲ್ಲಿ, ಬಾಗಿಲ ಚಿಲಕ, ಪೆಂಡಾಲು, ಅಡಿಗೆಯವರು ಎಂದು ದಿನವಿಡೀ ಫೋನು ಕುಂಯ್‌ಗುಡುತ್ತಿತ್ತು. ಪ್ರತಿ ಸಂದೇಶಕ್ಕೂ ಎದೆ ಹಿಡಿದುಕೊಂಡರೆ ವಾಸ್ತುಶಾಂತಿಯ ಹೊತ್ತಿಗೆ ನಾನು ಉಳಿಯುವುದಿಲ್ಲ ಎನ್ನಿಸಿ, ನೋಡುವುದನ್ನೇ ಬಿಟ್ಟೆ. ಈಗ ನೆನೆಸಿಕೊಂಡರೆ, ಎಲ್ಲ ಆದದ್ದು ಆ ನಾಲ್ಕು ದಿನದಲ್ಲಿ.

ಇಲ್ಲಿ ಆಯಾರದ ವಿಷಯ ಹೇಳಬೇಕು. ನಮ್ಮ ಕಡೆ ಮದುವೆ, ವಾಸ್ತು ಏನೇ ಕಾರ್ಯವಿರಲಿ, ಬೀಗರು ಬಂದು ಮನೆಯವರನ್ನು ಮಣೆ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಅರಿವೆ ಅಂಚಡಿ ಎಂದು ಬಟ್ಟೆಬರೆ, ಪಾತ್ರೆ ಕೊಟ್ಟು ಆಯಾರ ಮಾಡಬೇಕು. ಮಂದಿಯೆಲ್ಲ ಉಣ್ಣುವುದನ್ನು ಮರೆತು ಅದನ್ನೇ ನೋಡುತ್ತಾರೆ. ನಾನಂತೂ ಭಾಂಡೆ ವ್ಯಾಪಾರಿ. ಯಾರ ಆಯಾರದ ಪಾತ್ರೆಯನ್ನಾದರೂ ಬೆರಳಿನಿಂದ ಒಮ್ಮೆ ಬಡಿದು ಸದ್ದು ಕೇಳಿದರೆ ಸಾಕು, ಎಷ್ಟು ತೆಳ್ಳಗಿದೆ, ಕೊಟ್ಟವರ ಮನಸ್ಸು ಎಷ್ಟು, ಎಲ್ಲ ಹೇಳಿಬಿಡುತ್ತೇನೆ. ಇದನ್ನು ನಾನು ಒಂದು ಕಲೆ ಎಂದು ತಿಳಿದಿದ್ದೆ. ಶೈಲಾಳ ತವರು ಬಬಲೇಶ್ವರದ ಹತ್ತಿರದ ಜೈನಾಪುರ. ಅವಳ ತಮ್ಮ ಬಸು ಒಂದು ಸಲ ನಮ್ಮ ಮನೆಯ ಕಾರ್ಯಕ್ಕೆ ಕೊಡ ಕೊಡಬೇಕೆಂದು ನನ್ನ ಅಂಗಡಿಗೇ ಬಂದು ತೂಗಿಸಿಕೊಂಡು ಹೋಗಿದ್ದ. ನಾನು ಲಾಭ ಇಟ್ಟುಕೊಂಡೇ ಮಾರಿದ್ದೆ. ಮರುದಿನ ಅದೇ ಕೊಡವನ್ನು ಅವನು ಆಯಾರ ಮಾಡಿದಾಗ ನಾಲ್ಕು ಮಂದಿಯ ಮುಂದೆ ಬಡಿದು ನೋಡಿ, "ಸ್ವಲ್ಪ ತೆಳ್ಳಗ ಆತಲ್ಲೋ ಬಸು" ಅಂದೆ. ಮಂದಿ ನಕ್ಕರು. ನಾನೂ ನಕ್ಕೆ. ಶೈಲಾ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಅದಕ್ಕೆ ಬೇರೆ ಏನೋ ಕಾರಣವಿರಬೇಕೆಂದು ನಾನು ತಿಳಿದಿದ್ದೆ. ಅದಾದ ಮೇಲೆ ಯಾವ ಹಬ್ಬ ಬಂದರೂ "ನಿಮ್ಮ ತವರಮನಿ ಆಯಾರ" ಎಂದು ಶುರು ಮಾಡುವುದು ನನಗೊಂದು ರೂಢಿಯಾಯಿತು.

ವಾಸ್ತುಶಾಂತಿಯ ದಿನ ಬಸು ಹೆಂಡತಿಯೊಂದಿಗೆ ಬಂದ. ಕೈಯಲ್ಲಿ ದೊಡ್ಡ ದೊಡ್ಡ ಚೀಲಗಳು, ಹೆಗಲ ಮೇಲೊಂದು ಸಣ್ಣ ಗಂಟು. "ಜೈನಾಪುರದ ಬೀಗರ ಆಯಾರ!" ಎಂದು ಯಾರೋ ಕೂಗಿದರು. ನಾನು ಮಣೆ ಮೇಲೆ ಕೂತು, ಈ ಸಲ ಎಷ್ಟು ತೆಳ್ಳಗಿರಬಹುದೆಂದು ಒಳಗೊಳಗೇ ಅಂದಾಜು ಹಾಕುತ್ತಿದ್ದೆ. ಚೀಲ ಬಿಚ್ಚಿದರು. ಜರಿ ಅಂಚಿನ ರುಮಾಲು! ನನ್ನ ತಲೆಗೆ ಸುತ್ತತೊಡಗಿದರೆ ಮುಗಿಯುವುದೇ ಇಲ್ಲ. ರೇಷ್ಮೆ ಧೋತರ, ಅಂಗಿ ಅರಿವೆ, ಶಲ್ಯ. ಶೈಲಾಳಿಗೆ ದೊಡ್ಡ ಸೆರಗಿನ ಇಳಕಲ್ ಸೀರೆ, ಅವ್ವನಿಗೂ ಒಂದು. ಪೆಂಡಾಲಿನಲ್ಲಿ ಗದ್ದಲ ನಿಂತಿತು. ನಾನು ಸುಳ್ಳು ಹೇಳುವುದಿಲ್ಲ, ಕಣ್ಣಲ್ಲಿ ನೀರು ಬಂತು. ಎದ್ದವನೇ ಬಸುವನ್ನು ತಬ್ಬಿಕೊಂಡೆ. ಅಷ್ಟಕ್ಕೆ ಸುಮ್ಮನಿರದೆ ಹಾಡಿನವರ ಮೈಕು ಇಸಿದುಕೊಂಡು, "ಆಯಾರ ಅಂದ್ರ ಹಿಂಗ ಇರಬೇಕು! ಬರ್ರಿ, ಕೈ ಹಚ್ಚಿ ನೋಡ್ರಿ. ನಮ್ಮ ಕಡೆ ಮಂದೀನೂ ಒಂದೀಟು ಕಲೀಬೇಕು!" ಎಂದುಬಿಟ್ಟೆ. ನಮ್ಮ ಕಡೆಯ ಮಂದಿ ಗೋಧಿ ಹುಗ್ಗಿಯ ತಾಟಿನಿಂದ ತಲೆ ಎತ್ತಿ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಬಸು ಮಾತ್ರ ನೆಲ ನೋಡುತ್ತ ನಿಂತಿದ್ದ. "ಮಾಮಾರ, ಸಾಕ್ರಿ, ಮಂದಿ ನೋಡಾಕತ್ತಾರ" ಎಂದ. ಎಂಥ ವಿನಯ ಎಂದುಕೊಂಡೆ.

ಸಂಜೆ ಮಂದಿಯೆಲ್ಲ ಹೋದ ಮೇಲೆ, ರುಮಾಲು ಬಿಚ್ಚಲು ಮನಸ್ಸಾಗದೆ ಹಾಗೇ ಕುರ್ಚಿಯಲ್ಲಿ ಕೂತು, ಪೆಂಡಾಲಿನವನಿಗೆ ಮುಂಗಡ ಎಷ್ಟು ಕೊಟ್ಟಿದ್ದೆನೆಂದು ನೋಡಲು ಫೋನು ತೆಗೆದೆ. ಸಂದೇಶಗಳನ್ನು ಮೇಲಕ್ಕೆ ತಳ್ಳುತ್ತ ಹೋದರೆ ಫರ್ಸಿಗೂ ಬಣ್ಣಕ್ಕೂ ನಡುವೆ ನಮ್ಮದೇ ಪೇಟೆಯ ಒಂದು ದೊಡ್ಡ ಅರಿವೆ ಅಂಗಡಿಯ ಹೆಸರು. ಮೊತ್ತ, ಇಪ್ಪತ್ತೆರಡು ಸಾವಿರದ ನಾನೂರು. ವಾಸ್ತುವಿಗೆ ನಾವು ಅರಿವೆ ತಂದದ್ದು ಬೇರೆ ಅಂಗಡಿಯಿಂದ. ಇದು ಯಾವುದು? ಮೂಲೆಯಲ್ಲಿ ಬಸು ತಂದ ಖಾಲಿ ಚೀಲ ಬಿದ್ದಿತ್ತು. ಅದರ ಮೇಲೆ ಅದೇ ಅಂಗಡಿಯ ಹೆಸರು, ದಪ್ಪ ಕೆಂಪು ಅಕ್ಷರದಲ್ಲಿ. ನಾನು ಫೋನು ನೋಡಿದೆ, ಚೀಲ ನೋಡಿದೆ, ಮತ್ತೆ ಫೋನು ನೋಡಿದೆ. ತಲೆ ಮೇಲಿನ ರುಮಾಲು ಒಮ್ಮೆಲೇ ಭಾರವಾಯಿತು. ನನ್ನ ದುಡ್ಡಿನಿಂದ ನನ್ನ ತಲೆಗೇ ರುಮಾಲು ಸುತ್ತಿಸಿಕೊಂಡು, ಸಾಲದ್ದಕ್ಕೆ ಮೈಕಿನಲ್ಲಿ ಅದನ್ನು ಹೊಗಳಿದ್ದೆನಲ್ಲ!

ಇದು ಶೈಲಾಳದೇ ಕೆಲಸ ಎಂದು ಒಳಗೆ ನುಗ್ಗಿದೆ. ಅವಳು ಹೊಸ ಮನೆಯ ಹೊಸ ಕಪಾಟಿನ ಮುಂದೆ ಆ ಸೀರೆಯನ್ನು ಮಡಚುತ್ತಿದ್ದಳು. ಮಡಚಿ, ಸರಿಯಾಗಲಿಲ್ಲವೆಂದು ಬಿಚ್ಚಿ, ಮತ್ತೆ ಮಡಚಿದಳು. ನನ್ನನ್ನು ನೋಡಿ, "ಏನ್ರೀ, ನಮ್ಮ ತಮ್ಮ ಒಂದ ಸಲ ತಂದ್ರೂ ಹೆಂಗ ತಂದಾನ ನೋಡಿದ್ರಿ? ಇನ್ನ ಮ್ಯಾಲೆ ನಮ್ಮ ತವರಮನಿ ಹೆಸರು ಎತ್ತಂಗಿಲ್ಲ ನೀವು" ಎಂದು ನಕ್ಕಳು. ಆ ನಗುವನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ. ಅವಳಿಗೆ ಏನೂ ಗೊತ್ತಿಲ್ಲ! ನಾನು ಬಾಯಿ ತೆರೆದಿದ್ದೆ. ತೆರೆದ ಬಾಯಿಗೆ ಏನಾದರೂ ಕೆಲಸ ಬೇಕಾಗಿತ್ತು, ಹೀಗಾಗಿ "ಹೌದು, ಭಾಳ ಛಲೋ ಐತಿ" ಎಂದು ಹೊರಗೆ ಬಂದೆ.

ಅವ್ವ ಹೊಸ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು. ನಾನು ಫೋನು ಅವಳ ಮುಖದ ಮುಂದೆ ಹಿಡಿದೆ. ಅವಳು ರೂಢಿಯಂತೆ ಚಸ್ಮಾ ತೆಗೆದು ಸೆರಗು ಸರಿ ಮಾಡಿಕೊಂಡಳು.

"ಫೋಟೋ ಅಲ್ಲಬೇ! ಇದ ಓದು. ಯಾರ ಕೊಟ್ಟಿದ್ದು?"

"ನಾನ ಕೊಟ್ಟೆ."

"ಯಾಕ?"

"ಎಲ್ಲಾರದೂ ಐತಿ, ಕೇಳೋದ ಬ್ಯಾಡ ಅಂದಿದ್ದಿ. ಎರಡ ಸಲ ಕೇಳಿದ್ನಿಲ್ಲೋ?"

"ಯವ್ವಾ, ನನಗ ನಾನ ಆಯಾರ ಮಾಡಿಕೊಂಡಂಗ ಆತಲ್ಲ!"

"ಮತ್ತ? ನಿನ್ನ ಮನಸಿಗೆ ಬರೂವಂಥಾದ್ದ ಬ್ಯಾರೆ ಯಾರ ಕೈಲಾಗತೈತಿ?" ಎಂದು ಎಲೆ ಬಾಯಿಗಿಟ್ಟುಕೊಂಡಳು. ಆಮೇಲೆ ದನಿ ತಗ್ಗಿಸಿ ಹೇಳಿದಳು. ಬಸು ವಾಸ್ತುವಿಗೆ ಬರುವುದೇ ಬೇಡವೆಂದು ಕೂತಿದ್ದನಂತೆ. ಮತ್ತೆ ನಾಲ್ಕು ಮಂದಿಯೊಳಗೆ ಬಡಿಸಿಕೊಳ್ಳಲು ತಾನೇನು ಕೊಡವೇ ಎಂದು ಕೇಳಿದನಂತೆ. ಅವ್ವನೇ ಗಂಡ ಹೆಂಡಿರನ್ನು ಪೇಟೆಗೆ ಕರೆಸಿ, ಬೇಡ ಬೇಡ ಎಂದರೂ ಕೇಳದೆ, ತನ್ನ ಆಣೆ ಹಾಕಿ ಅರಿವೆ ಕೊಡಿಸಿದ್ದಳು. "ತವರಮನಿ ಮಂದಿ ಬರಲಾರದ ಆಕಿ ಈ ಹೊಸ್ತಲ ದಾಟಿದ್ರ ಆಕಿ ಮಾರಿ ಹೆಂಗ ಇರತಿತ್ತು, ವಿಚಾರ ಮಾಡೀಯೇನಲೇ? ಆಕಿಗೆ ಗೊತ್ತಿಲ್ಲ. ನೀ ಹೇಳಂಗಿಲ್ಲ. ಹೇಳಿದ್ಯೋ, ನಾ ಬಿಜ್ಜರಗಿಗೆ ಹೋಗಿ ಆಡಿನ ಜೋಡಿ ಇರತೀನಿ."

ನಾನು ಕಟ್ಟೆಯ ಮೇಲೆ ಅವ್ವನ ಪಕ್ಕ ಕೂತೆ. ಇಪ್ಪತ್ತೆರಡು ಸಾವಿರದ ಆಘಾತ ಒಂದು ಕಡೆ ಇರಲಿ, ನನ್ನ ಬೆರಳಿನ ಸದ್ದಿಗೆ ಹೆದರಿ ಒಂದು ಮನೆ ನಮ್ಮ ಕಡೆ ಬರುವುದನ್ನೇ ಬಿಡಲು ಹೊರಟಿತ್ತು ಎಂಬುದನ್ನು ಕೇಳಿ ನಾನು ನಿಜವಾಗಿ ತಬ್ಬಿಬ್ಬಾದೆ. "ಹಂಗಾದ್ರ ಬಸು ಏನೂ ತಂದಿಲ್ಲ?" ಎಂದೆ, ಏನಾದರೂ ಕೇಳಬೇಕೆಂದು. "ತಂದಾನಲ್ಲ. ತನ್ನ ದ್ರಾಕ್ಷಿ ಪಡದಾಗಿನ ಒಣದ್ರಾಕ್ಷಿ, ಒಂದ ಗಂಟು. ನೀ ನೋಡಲೇ ಇಲ್ಲ. ಅಡಿಗಿಯವರು ಹುಗ್ಗಿಗೆ ಹಾಕಿದ್ರು" ಎಂದಳು. ಆ ದಿನ ಮಂದಿ ಎರಡೆರಡು ಸಲ ಇಸಿದುಕೊಂಡು ಉಂಡು ಹೊಗಳಿದ್ದು ಹುಗ್ಗಿಯನ್ನು. ನಾನು ಅದರ ಶ್ರೇಯಸ್ಸನ್ನು ನನ್ನ ಅಂಗಡಿಯ ದಪ್ಪ ತಳದ ಪಾತ್ರೆಗೆ ಕೊಟ್ಟಿದ್ದೆ.

ಮರುದಿನ ವ್ಯಾಲೆಟ್ಟು ತೆರೆದು ಅವ್ವನ ಹೆಸರಿನ ಮುಂದೆ 'ತೆಗೆದುಹಾಕಿ' ಎಂಬ ಗುಂಡಿಯನ್ನು ಬಹಳ ಹೊತ್ತು ನೋಡಿದೆ. ಒತ್ತಿದರೆ ಅವ್ವ ಯಾಕೆಂದು ಕೇಳುತ್ತಾಳೆ, ಶೈಲಾ ಯಾಕೆಂದು ಕೇಳುತ್ತಾಳೆ, ಅದಕ್ಕೆ ನಾನು ಉತ್ತರ ಹೇಳಬೇಕು. ಫೋನು ಜೇಬಿಗಿಟ್ಟೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆಯಾರ ಮಾಡಿಸಿಕೊಂಡವರು ತಿರುಗಿ ಮಾಡಬೇಕು, ಅದೂ ಒಂದು ಕೈ ಮೇಲೆಯೇ. ಕಳೆದ ತಿಂಗಳು ಬಸುವಿನ ಮಗಳ ಕಿವಿ ಚುಚ್ಚುವ ಕಾರ್ಯ ಬಂತು. ಏನು ಒಯ್ಯಬೇಕೆಂದು ನಾನು ನಿಧಾನವಾಗಿ ಯೋಚಿಸುತ್ತಿರುವಾಗಲೇ ಫೋನು ಕುಂಯ್‌ ಎಂದಿತು. ಅದೇ ಅರಿವೆ ಅಂಗಡಿ. ಮೊತ್ತ ನೋಡಿ ಗಲ್ಲಾ ಹಿಡಿದುಕೊಂಡೆ. ಮನೆಗೆ ಓಡಿದರೆ ಅವ್ವ ಚೀಲ ಬಿಚ್ಚಿ ಶೈಲಾಳಿಗೆ ತೋರಿಸುತ್ತಿದ್ದಳು. "ನಿನ್ನ ಹೆಸರೀಲೆ ನಾನ ತಂದೀನಿ. ನೀ ತಂದಿದ್ರ ತೆಳ್ಳಗ ಇರತಿತ್ತು" ಎಂದಳು ನನಗೆ. ಶೈಲಾ ನನ್ನನ್ನು ನೋಡಿ ಆ ದಿನದ್ದೇ ನಗು ನಕ್ಕಳು.

ಜೈನಾಪುರದಲ್ಲಿ ಬಸುವಿನ ತಲೆಗೆ ರುಮಾಲು ಸುತ್ತುತ್ತ ಸುತ್ತುತ್ತ ನನಗೆ ಕೈ ನೋವು ಬಂತು. ಮಂದಿಯೆಲ್ಲ ಅರಿವೆಗೆ ಕೈ ಹಚ್ಚಿ ನೋಡಿದರು. "ಬಿಜಾಪುರದ ಮಾಮಾರ ಮನಸ ಭಾಳ ದೊಡ್ಡದ ನೋಡ್ರಿ!" ಎಂದು ಯಾರೋ ಜೋರಾಗಿ ಹೊಗಳಿದರು. ಬಸು ನನ್ನನ್ನು ನೋಡಿ ಮೀಸೆಯಲ್ಲೇ ನಕ್ಕ. ಅವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ನಾನು ನೆಲ ನೋಡುತ್ತ, "ಸಾಕ್ರಿ, ಮಂದಿ ನೋಡಾಕತ್ತಾರ" ಎಂದೆ. ಎಂಥ ವಿನಯ ಎಂದುಕೊಂಡರು.