ಹುಣಸೆಹಣ್ಣು ಹಾಕಿ ತೊಳೆದ ಬೇರಿಂಗುಗಳು

ಬೇರಿಂಗ್ ಅಂದರೆ ಒಳಗೆ ಗೋಲಿ ತುಂಬಿದ ಉಕ್ಕಿನ ಬಳೆ ಎಂದೇ ನಂಬಿದ್ದವನು ನಾನು. ಹಾಗಾಗಿ ಅಂಜನ್‌ಕುಮಾರ್ ನಮ್ಮ ಕಾರಿನ ಎಂಜಿನ್ ಬಿಚ್ಚಿ, ಅರ್ಧಚಂದ್ರದಂಥ ತೆಳು ತಗಡುಗಳನ್ನು ನನ್ನ ಅಂಗೈಗೆ ಹಾಕಿದಾಗ, "ಅಯ್ಯಯ್ಯೋ! ಎಲ್ಲಾ ಎರಡೆರಡು ಹೋಳಾಗಿದೆಯಲ್ಲೋ! ಗೋಲಿ ಎಲ್ಲಿ?" ಎಂದು ಬಾಯಿ ಬಡಿದುಕೊಂಡೆ.

"ಎಂಜಿನ್ ಬೇರಿಂಗ್ ಇರೋದೇ ಹಂಗೆ ಕಣ್ಲಾ," ಎಂದ ಅವನು. ಹೈಸ್ಕೂಲಿನ ಗೆಳೆಯ, ಉಪ್ಪಾರಹಳ್ಳಿಯಲ್ಲಿ ಗ್ಯಾರೇಜ್ ಇಟ್ಟಿದ್ದಾನೆ. "ಡಿಪೋ ಮೆಕ್ಯಾನಿಕ್ ಚನ್ನವೀರಯ್ಯನೋರ ಮಗ ಅಂತ ಮಾತ್ರ ಎಲ್ಲೂ ಹೇಳ್ಕೋಬೇಡ!"

ಅಪ್ಪ ಹೋದ ವರ್ಷ ಲಿಂಗೈಕ್ಯರಾದರು. ಅಂದಿನಿಂದ ಶೆಟ್ಟಿಹಳ್ಳಿಯ ನಮ್ಮ ಮನೆ ಮುಂದೆ ಅವರ ಕಾರು ಟಾರ್ಪಾಲಿನ ಒಳಗೆ, ಅಮ್ಮ ಮನೆಯ ಒಳಗೆ. ಎರಡೂ ಅಲುಗಲಿಲ್ಲ. ಮದುವೆಗಿಲ್ಲ, ಮಠಕ್ಕಿಲ್ಲ. ಕುಣಿಗಲ್‌ನಲ್ಲಿ ಹಾಸಿಗೆ ಹಿಡಿದಿರುವ ಚಿಕ್ಕಮ್ಮ ಫೋನಿನಲ್ಲಿ ಅತ್ತು ಕರೆದರೂ "ನೋಡಣ" ಎಂದಷ್ಟೇ ಉತ್ತರ. ಆ ಕಾರಿನಲ್ಲಿ ಅಪ್ಪನ ಪಕ್ಕದ ಸೀಟು ಅಮ್ಮನ ಸಿಂಹಾಸನವಾಗಿತ್ತು. ಕಾರೆದ್ದರೆ ಅಮ್ಮನೂ ಏಳುತ್ತಾಳೆ! ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸುವ ಈ ಗುಮಾಸ್ತ ಹೀಗೆ ಭೀಷ್ಮಪ್ರತಿಜ್ಞೆ ಮಾಡಿದ.

"ಹೊಸಾ ಬೇರಿಂಗ್ ಹಾಕ್ಬುಡಣ," ಎಂದ ಅಂಜನ್.

"ಬೇಡ. ಇವನ್ನ ಅಪ್ಪ ಕೈಯಾರೆ ಕೂರಿಸಿದ್ದು. ಇವೇ ಇರ್ಬೇಕು."

ಅವನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ. "ಇನ್ನೂ ನಡೀತವೆ. ಡೀಸೆಲ್‌ನಲ್ಲಿ ಅದ್ದು, ಮೆತ್ತನೆ ಬಟ್ಟೇಲಿ ಒರೆಸು. ಉಜ್ಜಬೇಡ."

ಒರೆಸಿದೆ. ಬೂದು ಬಣ್ಣ ಹೋಗಲಿಲ್ಲ. ಒಂದರ ಅಂಚಿನಲ್ಲಿ ಮಾತ್ರ ಸಾಸಿವೆಯಷ್ಟು ತಾಮ್ರ ಇಣುಕಿತು. ಆಹಾ, ಕೊಳೆಯಡಿ ತಾಮ್ರ! ತಾಮ್ರಕ್ಕೆ ಮದ್ದೇನೆಂದು ನಮ್ಮ ಮನೆಯಲ್ಲಿ ಯಾರು ಅರಿಯರು? ಸೋಮವಾರದ ಪೂಜೆಗೆ ಅಮ್ಮ ತಂಬಿಗೆ ಬೆಳಗುವಂತೆಯೇ ನೆನೆಸಿದ ಹುಣಸೆಹಣ್ಣು, ಉಪ್ಪು, ತೆಂಗಿನ ನಾರು ಹಿಡಿದು ಕುಳಿತೆ. ಬೆರಳು ಸುಕ್ಕಾಗುವವರೆಗೆ ತಿಕ್ಕಿದೆ. ಕೊನೆಗೆ ಸ್ಟೀಲ್ ಸ್ಕ್ರಬ್ಬರನ್ನೂ ಕರೆದೆ. ಹದಿನಾಲ್ಕು ಚಂದ್ರರು ಕೆಂಪಗೆ ಉದಯಿಸಿದರು!

"ನೋಡೇ ಭೂಮಿಕಾ, ಹೆಂಗೆ ಹೊಳೀತಿದೆ!"

ಹೆಂಡತಿ ಒಂದನ್ನು ಎತ್ತಿಕೊಂಡಳು. "ನನ್ನ ರೋಲ್ಡ್‌ಗೋಲ್ಡ್ ಸರ ಹಿಂಗೇ ಉಜ್ಜಿ ತಾಮ್ರ ಕಾಣ್ಸಿದ್ರೆ ಏನಂತೀರ?"

"ಲೇಪ ಹೋಯ್ತು ಅಂತೀನಿ."

"ಹೂಂ. ಇದಕ್ಕೂ ಅದೇ ಅನ್ನಿ."

ಅಪ್ಪ ಕೂರಿಸಿದ್ದನ್ನು ಉಳಿಸಲು ಹೋಗಿ ನಾನೇ ಚರಂಡಿಗೆ ಹರಿಸಿದ್ದೆ. ಆದರೂ ಸೋಲೊಪ್ಪುವ ಜಾತಿಯೇ ನಾನು? ಗ್ಯಾರೇಜಿಗೆ ಹೋಗಿ ಹಟ ಹಿಡಿದೆ.

ಅಂಜನ್ ಮೂಸಿ ನೋಡಿದ. "ಥೂ, ಗೊಜ್ಜಿನ ವಾಸ್ನೆ! ಲೇಪ ಇಲ್ದಿರೋ ಇವನ್ನ ಹಾಕಿದ್ರೆ ಎಂಜಿನ್ ಬಿಗಿದು ನಿಂತೋಗ್ತದೆ ಕಣೋ."

"ಹಾಕೋ. ಒಂದ್ಸಲ ಕುಣಿಗಲ್ ಮುಟ್ಟಿದ್ರೆ ಸಾಕು."

ನನ್ನ ಮುಖ ನೋಡಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾಕಿಕೊಟ್ಟ.

ಭಾನುವಾರ ಟಾರ್ಪಾಲಿಲ್ಲದ ಕಾರು ಬಾಗಿಲಲ್ಲಿ ಗುರುಗುಟ್ಟಿತು. "ಅಮ್ಮಾ, ಚಿಕ್ಕಮ್ಮನ್ನ ನೋಡ್ಕೊಂಡು ಬರಣ." ಅಮ್ಮ ಕಾರನ್ನೇ ಬಹಳ ಹೊತ್ತು ನೋಡಿದಳು. ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಗೆದ್ದೆ! ಮುಂದಿನ ಬಾಗಿಲನ್ನು ಬಾಗಿ ತೆರೆದೆ. "ಅಲ್ಲಿ ಭೂಮಿಕಾ ಕೂತ್ಕೊಳ್ಲಿ," ಎಂದು ಅಮ್ಮ ಹಿಂದೆ ಹತ್ತಿದಳು.

ಊರು ದಾಟಿ ಕುಣಿಗಲ್ ರಸ್ತೆ ಹಿಡಿದಿದ್ದೆವಷ್ಟೆ, ಎಂಜಿನ್ನಿನೊಳಗೆ ಯಾರೋ ಬಾಗಿಲು ಬಡಿದಂತಾಯಿತು. ಟಕ್, ಟಕ್, ಟಕಟಕಟಕ! ಆಮೇಲೆ 'ಕ್ರೀಂ' ಎಂದು ಕಿರುಚಿ ಎಲ್ಲ ನಿಶ್ಶಬ್ದ. ಬಾನೆಟ್ ಎತ್ತಿದೆ. ಸುಟ್ಟೆಣ್ಣೆಯ ಹೊಗೆ ಕಣ್ಣಿಗೆ ಹೊಡೆಯಿತು. ಕಣ್ಣೀರಿಗೆ ಅದೇ ಕಾರಣವೆಂದು ಭೂಮಿಕಾಗೆ ಹೇಳಿದೆ. ಅವಳು ನಂಬಿದಂತೆ ನಟಿಸಿ, ಬಸ್ಸಿಗೆ ಕೈ ಅಡ್ಡ ಹಿಡಿಯಲು ರಸ್ತೆಯಂಚಿಗೆ ಹೋದಳು.

ಅಮ್ಮ ಇಳಿದು ಹುಣಸೆಮರದ ನೆರಳಿನಲ್ಲಿ ನಿಂತಿದ್ದಳು. ಹುಣಸೆಮರವೇ ಬೇಕಿತ್ತೇ ಅಲ್ಲಿ! ನಾನು ತಲೆ ತಗ್ಗಿಸಿ ಹತ್ತಿರ ಹೋದೆ. ಕೇಳಬಾರದಿತ್ತು, ಕೇಳಿದೆ.

"ಅಮ್ಮಾ, ಈ ಕಾರಲ್ಲಿ ಓಡಾಡೋದು ಅಂದ್ರೆ ನಿಂಗೆ ಎಷ್ಟು ಇಷ್ಟ ಇತ್ತಲ್ವಾ?"

"ಇಷ್ಟಾನಾ? ಹತ್ತಿದ್ರೆ ವಾಂತಿ ಬರೋದು ಕಣಪ್ಪ. ನಿಮ್ಮಪ್ಪ ಪಕ್ಕದಲ್ಲಿ ಇರ್ತಾರಲ್ಲ ಅಂತ ತಡ್ಕೋತಿದ್ದೆ."